ಕೊಡದಲ್ಲಿ ಒಂದು ಚೀಟಿ: ಚಟ ಬಿಡಿಸಲು ಬಹುಮಾನ ಏಕೆ

(ರಾಯಚೂರಿನಲ್ಲಿ ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಸದಸ್ಯೆಯರು ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಈ ಮೇಜಿನ ಮೇಲೆ ಸ್ಟೀಲ್ ಕೊಡ ನೋಡಿ ಕೆಲವರು ಲೋಟ ಹುಡುಕಿದಿರಿ. ಬಿಸಿಲು ಹಾಗಿದೆ, ತಪ್ಪಿಲ್ಲ. ಆದರೆ ಇದರಲ್ಲಿ ನೀರಿಲ್ಲ, ಚೀಟಿಗಳಿವೆ. ಸರಿಯಾಗಿ 500. ಇವತ್ತಿನ ನನ್ನ ಮಾತೆಲ್ಲ ಈ ಕೊಡದ ಸುತ್ತಲೇ.

ಮೊದಲು ಒಬ್ಬ ಮನುಷ್ಯನ ಬಗ್ಗೆ ಹೇಳುತ್ತೇನೆ. ಹೆಸರು ಬೇಡ. ಹತ್ತಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ. ಮೂಟೆ ಹೊತ್ತು ಹೊತ್ತು ಎಡ ಭುಜದ ಚರ್ಮ ಕಪ್ಪಗೆ, ದಪ್ಪಗೆ, ಚಪ್ಪಲಿಯ ಅಟ್ಟೆಯ ಹಾಗೆ ಆಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಒಂದು ಕ್ವಾರ್ಟರ್ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗುತ್ತಿತ್ತು. ಡಾಕ್ಟರು ಅಡ್ಮಿಟ್ ಮಾಡಿಕೊಂಡು, ಔಷಧಿ ಕೊಟ್ಟು ಆ ನಡುಕ ಇಳಿಸಿದ್ದರು. ಆಮೇಲೆ ವಾರಕ್ಕೆ ಎರಡು ಸಲ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರಬೇಕಿತ್ತು.

ಮೊದಲ ದಿನ ಬಂದ. ಊದುವ ಮಿಷನ್‌ಗೆ ಊದಿದ. ಸೊನ್ನೆ ಬಂತು. ಕೊಡಕ್ಕೆ ಕೈ ಹಾಕಿ ಅಂದೆ. ಹಾಕಿದ, ಒಂದು ಚೀಟಿ ತೆಗೆದ, ಬಿಚ್ಚಿದ. ಓದಲು ಬಾರದು, ನನ್ನ ಕಡೆ ಚಾಚಿದ. ಅದರಲ್ಲಿ 'ಶಭಾಷ್' ಅಂತ ಮಾತ್ರ ಬರೆದಿತ್ತು. ಅಂದರೆ ವಸ್ತು ಏನೂ ಇಲ್ಲ. ಮೊದಲ ದಿನವೇ ಹೀಗಾಯಿತಲ್ಲ ಅಂತ ನನಗೆ ಮುಜುಗರ. ಓದಿ ಹೇಳಿದೆ. ತೆಗೆದ ಚೀಟಿಯನ್ನು ವಾಪಸ್ ಕೊಡಕ್ಕೆ ಹಾಕಬೇಕು, ಅದು ನಿಯಮ. ಹಾಕಲು ಹೋದೆ. ಆತ ಕೈ ಅಡ್ಡ ಹಿಡಿದ. "ಇರ್ಲಿ ಕೊಡ್ರೀ ಮೇಡಂ, ಮನಿಗೆ ಒಯ್ತೀನಿ" ಅಂದ. ಅಂಗಿ ಜೇಬಿನಿಂದ ಬೀಡಿ ಕಟ್ಟು ಹೊರಗೆ ತೆಗೆದ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನ ತಳಕ್ಕೆ ಇಟ್ಟ. ಅದರ ಮೇಲೆ ಬೀಡಿ ಕಟ್ಟು ಇಟ್ಟ. ನಾನು ಇನ್ನೊಂದು ಚೀಟಿ ಬರೆದು ಕೊಡಕ್ಕೆ ಹಾಕಿದೆ.

ಎಷ್ಟು ವರ್ಷದಿಂದ ಆ ಮನುಷ್ಯನಿಗೆ ಯಾರೂ ಶಭಾಷ್ ಅಂದಿರಲಿಲ್ಲವೋ ಗೊತ್ತಿಲ್ಲ. ಕುಡುಕ, ಮನೆಹಾಳ, ನಾಚಿಕೆ ಇಲ್ಲದವನು ಅಂತ ಮಾತ್ರ ಕೇಳಿ ಅಭ್ಯಾಸ.

ಈ ಕೊಡ ನಾನು ಹುಟ್ಟಿಸಿದ್ದಲ್ಲ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ನ್ಯಾನ್ಸಿ ಪೆಟ್ರಿ ಎಂಬ ಮನಃಶಾಸ್ತ್ರಜ್ಞೆ ಇದ್ದರು. 2018ರಲ್ಲಿ ತೀರಿಕೊಂಡರು. ಅವರು ಮೀನು ಸಾಕುವ ಗಾಜಿನ ಬೋಗುಣಿ ಇಟ್ಟುಕೊಂಡು ಮಾಡಿದ ಪದ್ಧತಿ ಇದು. ನಮ್ಮಲ್ಲಿ ಮೀನಿನ ಬೋಗುಣಿ ಎಲ್ಲಿ, ಅದಕ್ಕೇ ಕೊಡ. ಅವರ ಬೋಗುಣಿಯಲ್ಲಿ 500 ಚೀಟಿ. 250ರಲ್ಲಿ ಬರೀ ಶಭಾಷ್ ಅನ್ನುವಂಥ ಮಾತು. 219ರಲ್ಲಿ ಸುಮಾರು ಒಂದು ಡಾಲರಿನ ಸಣ್ಣ ವಸ್ತು. 30ರಲ್ಲಿ 20 ಡಾಲರಿನ ವಸ್ತು. ಒಂದೇ ಒಂದು ಚೀಟಿಯಲ್ಲಿ 100 ಡಾಲರಿನ ದೊಡ್ಡ ಬಹುಮಾನ. ಪರೀಕ್ಷೆಯಲ್ಲಿ ನಶೆ ಇಲ್ಲ ಅಂತ ಬಂದರೆ ಚೀಟಿ ತೆಗೆಯುವ ಅವಕಾಶ. ಸತತವಾಗಿ ನಶೆ ಇಲ್ಲದೆ ಬಂದಷ್ಟೂ ಅವಕಾಶ ಹೆಚ್ಚುತ್ತದೆ. ಒಂದು ಸಲ ತಪ್ಪಿದರೆ ಮತ್ತೆ ಮೊದಲ ಮೆಟ್ಟಿಲಿಗೆ.

2000ನೇ ಇಸವಿಯಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಇದ್ದವರು 42 ಮಾಜಿ ಸೈನಿಕರು. ಎಲ್ಲರಿಗೂ ಕುಡಿತದ ಚಟ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದೇ ಚಿಕಿತ್ಸೆ, ಜೊತೆಗೆ ಚೀಟಿ. ಎಂಟು ವಾರ ಕಳೆದ ಮೇಲೆ ಮಾಮೂಲಿ ಗುಂಪಿನಲ್ಲಿ ಚಿಕಿತ್ಸೆಯಲ್ಲಿ ಉಳಿದಿದ್ದವರು ನೂರಕ್ಕೆ 22. ಚೀಟಿ ಗುಂಪಿನಲ್ಲಿ ನೂರಕ್ಕೆ 84.

ಈ ಕೆಲಸ ಮಾಡಿದವರಿಗೆ ಈ ಎರಡು ಅಂಕಿಗಳ ಭಾರ ಗೊತ್ತು. ಚಟದ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಔಷಧಿ ಬರೆಯುವುದಲ್ಲ. ಜನ ಮತ್ತೆ ಬರುವಂತೆ ಮಾಡುವುದು. ಮೊದಲ ವಾರ ಹೆಂಡತಿ ಎಳೆದುಕೊಂಡು ಬರುತ್ತಾಳೆ. ಎರಡನೇ ವಾರ ಆತ ಒಬ್ಬನೇ ಬರುತ್ತಾನೆ. ಮೂರನೇ ವಾರ ಖಾಲಿ ಕುರ್ಚಿ.

ಇದಕ್ಕಿಂತ ಹಿಂದಿನ ಕಥೆಯೂ ಇದೆ. 1990ರ ಸುಮಾರಿಗೆ ವರ್ಮಾಂಟ್ ಎಂಬ ಚಿಕ್ಕ ರಾಜ್ಯದಲ್ಲಿ ಸ್ಟೀಫನ್ ಹಿಗಿನ್ಸ್ ಎಂಬವರು ಕೊಕೇನ್ ಚಟದವರಿಗೆ ಚಿಕಿತ್ಸೆ ಕೊಡುತ್ತಿದ್ದರು. ಕುಡಿತಕ್ಕೆ ಔಷಧಿ ಇದೆ. ಅಫೀಮು, ಹೆರಾಯಿನ್‌ಗೆ ಮೆಥಡೋನ್, ಬ್ಯುಪ್ರಿನಾರ್ಫಿನ್ ಇವೆ. ಕೊಕೇನ್‌ಗೆ ಅಂಥ ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹಿಗಿನ್ಸ್ ಮಾಡಿದ್ದು ಹೀಗೆ. ವಾರಕ್ಕೆ ಮೂರು ಸಲ ಮೂತ್ರ ಪರೀಕ್ಷೆ. ಕೊಕೇನ್ ಇಲ್ಲ ಅಂತ ಬಂದರೆ ಎರಡೂವರೆ ಡಾಲರಿನ ವೋಚರ್. ಮುಂದಿನ ಸಲವೂ ಇಲ್ಲದಿದ್ದರೆ ಮೂರೂ ಮುಕ್ಕಾಲು. ಪ್ರತಿ ಸಲ ಒಂದೂಕಾಲು ಡಾಲರ್ ಏರುತ್ತಾ ಹೋಗುತ್ತದೆ. ಸತತ ಮೂರು ಸಲ ಸರಿ ಬಂದರೆ ಮೇಲೆ 10 ಡಾಲರ್. ಕೊಕೇನ್ ಸಿಕ್ಕರೆ ಆ ದಿನ ಏನೂ ಇಲ್ಲ, ಮತ್ತೆ ಎರಡೂವರೆಯಿಂದ ಶುರು. ಹನ್ನೆರಡು ವಾರ ಒಮ್ಮೆಯೂ ತಪ್ಪದವರಿಗೆ ಒಟ್ಟು 997 ಡಾಲರ್ 50 ಸೆಂಟ್. ಆದರೆ ಗಳಿಸಿದ್ದನ್ನು ವಾಪಸ್ ಕಿತ್ತುಕೊಳ್ಳುವುದಿಲ್ಲ. ಇದು ಮುಖ್ಯ. ಬೀಳುವುದು ಮೆಟ್ಟಿಲು, ಗಂಟು ಹೋಗುವುದಿಲ್ಲ.

ಕೈಗೆ ನಗದು ಕೊಡುತ್ತಿರಲಿಲ್ಲ. ವೋಚರ್ ಕೂಡಿಸಿ ಆತನಿಗೆ ಬೇಕಾದ ಒಳ್ಳೆಯ ವಸ್ತುವನ್ನು ಕೇಂದ್ರದವರೇ ಕೊಂಡು ಕೊಡುತ್ತಿದ್ದರು. 1994ರಲ್ಲಿ ಅವರು 40 ಜನರ ಮೇಲಿನ ಫಲಿತಾಂಶ ಬರೆದರು. ಇಪ್ಪತ್ನಾಲ್ಕು ವಾರದ ಚಿಕಿತ್ಸೆಯನ್ನು ವೋಚರ್ ಇದ್ದವರಲ್ಲಿ ನೂರಕ್ಕೆ 75 ಜನ ಮುಗಿಸಿದರು. ವೋಚರ್ ಇಲ್ಲದವರಲ್ಲಿ 40.

ಇಂಗ್ಲಿಷ್‌ನಲ್ಲಿ ಇದನ್ನು ಕಂಟಿಂಜೆನ್ಸಿ ಮ್ಯಾನೇಜ್‌ಮೆಂಟ್ ಅನ್ನುತ್ತಾರೆ. ಉದ್ದದ ಹೆಸರು. ನಾವು ಷರತ್ತಿನ ಬಹುಮಾನ ಅನ್ನೋಣ. ಷರತ್ತು ಚಿಕ್ಕದು, ಕಣ್ಣಿಗೆ ಕಾಣುವಂಥದ್ದು. ಬಹುಮಾನ ಆ ಕ್ಷಣದ್ದು.

ಏಕೆ ಇದು ಕೆಲಸ ಮಾಡುತ್ತದೆ? ಒಂದು ಮಾತು ಕೇಳುತ್ತೇನೆ. ನಿಮ್ಮಲ್ಲಿ ಎಷ್ಟು ಜನ ಕಾಲುವೆಯ ಕೊನೆ ಭಾಗದ ಹಳ್ಳಿಯವರು? ಕೈ ಎತ್ತಿ. ನೋಡಿ, ಅರ್ಧ ಹಾಲ್. ತುಂಗಭದ್ರಾ ಡ್ಯಾಮ್ ತುಂಬಿದೆ ಅಂತ ಪೇಪರ್‌ನಲ್ಲಿ ಬಂದರೆ ನಿಮ್ಮ ಮನೆಯವರು ಬತ್ತದ ಮಡಿಗೆ ಇಳಿಯುತ್ತಾರಾ? ಇಲ್ಲ. ತೂಬಿಗೆ ಬಂದಾಗ ತಾನೇ ನೀರು. ಅಲ್ಲಿಯವರೆಗೆ ಅದು ಸುದ್ದಿ.

ಚಟಕ್ಕೆ ಬಿದ್ದವರಿಗೆ ನಾವು ಹೇಳುವುದೆಲ್ಲ ಡ್ಯಾಮಿನ ನೀರು. ಬಿಟ್ಟರೆ ಲಿವರ್ ಸರಿಹೋಗುತ್ತದೆ, ಮಗಳ ಮದುವೆ ಆಗುತ್ತದೆ, ಸಾಲ ತೀರುತ್ತದೆ, ಊರಲ್ಲಿ ಮರ್ಯಾದೆ ಬರುತ್ತದೆ. ಎಲ್ಲ ನಿಜ. ಎಲ್ಲ ದೂರ. ಬಾಟಲಿ ಮಾತ್ರ ಹತ್ತಿರ. ಐದು ನಿಮಿಷದಲ್ಲಿ ಸುಖ ಕೊಡುತ್ತದೆ, ನೋವು ಮರೆಸುತ್ತದೆ. ದೂರದ ದೊಡ್ಡ ಲಾಭಕ್ಕಿಂತ ಹತ್ತಿರದ ಸಣ್ಣ ಸುಖ ಜಾಸ್ತಿ ಎಳೆಯುವುದು ಎಲ್ಲ ಮನುಷ್ಯರ ಗುಣ. ಚಟ ಇರುವವರಲ್ಲಿ ಈ ಎಳೆತ ಇನ್ನೂ ಜೋರು ಅನ್ನುವುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇವತ್ತು ಐನೂರು ಬೇಕಾ, ತಿಂಗಳು ಬಿಟ್ಟು ಸಾವಿರ ಬೇಕಾ ಅಂತ ಕೇಳಿದರೆ ಐನೂರಕ್ಕೆ ಕೈ ಚಾಚುವವರು ಅವರಲ್ಲಿ ಹೆಚ್ಚು. ಬುದ್ಧಿ ಇಲ್ಲ ಅಂತಲ್ಲ. ಅವರ ತೂಬಿಗೆ ನಾಳೆ ಅನ್ನುವುದು ಬಂದು ತಲುಪುವುದೇ ಇಲ್ಲ.

ಬಹುಮಾನ ಮಾಡುವುದು ಇಷ್ಟೇ. ಕುಡಿಯದೆ ಇರುವುದಕ್ಕೂ ಇವತ್ತೇ, ಈಗಲೇ ಏನೋ ಒಂದು ಸಿಗುವ ಹಾಗೆ ಮಾಡುತ್ತದೆ. ಒಂದು ಸೋಪು, ಒಂದು ಸ್ಟೀಲ್ ತಟ್ಟೆ, ಮಗುವಿಗೆ ಒಂದು ನೋಟ್‌ಬುಕ್. ಆ ಸೋಪಿಗೆ ಚಟ ಬಿಡಿಸುವ ಶಕ್ತಿ ಇಲ್ಲ. ಆದರೆ ಆತ ಆ ಸಂಜೆ ಸೋಪು ಹಿಡಿದುಕೊಂಡು ಮನೆಗೆ ಹೋಗುತ್ತಾನೆ. ಬಾಗಿಲಲ್ಲಿ ಮಗಳು "ಅಪ್ಪಾ ಏನ್ ತಂದಿ?" ಅನ್ನುತ್ತಾಳೆ. ಅದಕ್ಕಿಂತ ಮುಂಚೆ ಆ ಮಗಳು ಅಪ್ಪನ ಹೆಜ್ಜೆ ಸದ್ದು ಕೇಳಿ ಒಳಗೆ ಓಡುತ್ತಿದ್ದಳು.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ಇದು ಲಂಚ ಅಲ್ವಾ?

ಈ ಮಾತನ್ನು ನನಗೆ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ಡಾಕ್ಟರುಗಳು ಹೇಳಿದ್ದಾರೆ, ಊರ ಹಿರಿಯರು ಹೇಳಿದ್ದಾರೆ. ಲಂಚ ಅಂದರೆ ತಪ್ಪು ಕೆಲಸ ಮಾಡಿಸಲು, ಕೆಲಸಕ್ಕೆ ಮೊದಲೇ, ಕದ್ದು ಕೊಡುವ ದುಡ್ಡು. ಇದು ಸರಿಯಾದ ಕೆಲಸಕ್ಕೆ, ಕೆಲಸ ಮಾಡಿದ ಮೇಲೆ, ಎಲ್ಲರ ಎದುರಿಗೆ ಕೊಡುವಂಥದ್ದು. ನಾವು ಇದನ್ನು ಬೇರೆಲ್ಲ ಕಡೆ ಒಪ್ಪುತ್ತೇವೆ. ಶಾಲೆಯಲ್ಲಿ ಬಿಸಿಯೂಟ ಕೊಟ್ಟರೆ ಮಕ್ಕಳಿಗೆ ಲಂಚ ಕೊಟ್ಟು ಓದಿಸುತ್ತಿದ್ದಾರೆ ಅನ್ನುತ್ತೇವಾ? ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿಕೊಂಡರೆ ಸರ್ಕಾರ ಹಣ ಕೊಡುತ್ತದೆ, ಇಲ್ಲಿರುವ ಆಶಾ ಅಕ್ಕಂದಿರೇ ಅದರ ಫಾರ್ಮ್ ತುಂಬಿಸಿದ್ದೀರಿ. ಅದಕ್ಕೆ ಯಾರೂ ಲಂಚ ಅನ್ನಲಿಲ್ಲ. ಚಟದ ವಿಷಯ ಬಂದಾಗ ಮಾತ್ರ ಆ ಮಾತು ಬರುತ್ತದೆ. ಯಾಕೆಂದರೆ ನಮಗೆ ಒಳಗೊಳಗೆ ಅವರಿಗೆ ಶಿಕ್ಷೆ ಆಗಬೇಕು ಅನ್ನಿಸುತ್ತದೆ.

ಆದರೆ ಇನ್ನೊಂದು ಆಕ್ಷೇಪ ಇದೆ. ಅದು ನನ್ನನ್ನು ನಿಜವಾಗಿ ಅಲ್ಲಾಡಿಸಿತು. ಒಬ್ಬ ಹೆಣ್ಣುಮಗಳು, ಗಂಡನ ಜೊತೆ ಬಂದವಳು, ಗಂಡನಿಗೆ ಸ್ಟೀಲ್ ಡಬ್ಬಿ ಸಿಕ್ಕಿದ್ದನ್ನು ನೋಡುತ್ತಾ ನಿಂತಿದ್ದಳು. ಆತ ಆಚೆ ಹೋದ ಮೇಲೆ ಕೇಳಿದಳು. "ಹದಿನೈದು ವರ್ಷ ಇವನ ಕೈಲಿ ಬಡಿಸ್ಕೊಂಡೀನಿ. ನನ್ನ ಕಿವಿಯೋಲೆ ಮಾರಿ ಕುಡಿದಾನ. ನಾ ಕೂಲಿ ಮಾಡಿ ಮಕ್ಕಳನ್ನ ಸಾಕೀನಿ. ಒಂದು ದಿನ ಕುಡೀಲಾರದಕ್ಕ ಅವಂಗ ಡಬ್ಬಿ. ನನಗ ಯಾರು ಕೊಟ್ಟಾರ್ರೀ?"

ನಾನು ಏನು ಉತ್ತರ ಹೇಳಲಿ? ಹೇಳಲಿಲ್ಲ. ಇವತ್ತೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಅವಳು ಹೇಳಿದ್ದು ನ್ಯಾಯ. ಆ ದಿನದಿಂದ ನಾವು ಒಂದು ಬದಲಾವಣೆ ಮಾಡಿದೆವು. ಚೀಟಿ ತೆಗೆಯುವುದು ಗಂಡ, ಬಹುಮಾನದ ಬುಟ್ಟಿಯಿಂದ ವಸ್ತು ಆರಿಸುವುದು ಹೆಂಡತಿ. ಅಷ್ಟಕ್ಕೇ ಅವಳ ಹದಿನೈದು ವರ್ಷ ವಾಪಸ್ ಬರುವುದಿಲ್ಲ. ಆದರೆ ಮುಂದಿನ ಸಲ ಅವಳು ಬುಟ್ಟಿಯ ಮುಂದೆ ಕೂತು ಒಂದೊಂದೇ ಎತ್ತಿ ನೋಡಿ, ಕೊನೆಗೆ ಒಂದು ಬಾಚಣಿಗೆ ಆರಿಸಿದಳು. ಮಕ್ಕಳಿಗಲ್ಲ, ತನಗೆ.

ದುಡ್ಡು ಕೊಟ್ಟರೆ ಅದನ್ನೇ ಕುಡಿಯುವುದಿಲ್ಲವೇ ಅಂತಲೂ ಕೇಳುತ್ತಾರೆ. ಇದಕ್ಕೆ ನಮ್ಮ ಪಕ್ಕದ ಚೆನ್ನೈನಲ್ಲೇ ಒಬ್ಬರು ಉತ್ತರ ಹುಡುಕಿದ್ದಾರೆ. ಫ್ರಾಂಕ್ ಶಿಲ್‌ಬಾಕ್ ಎಂಬ ಅರ್ಥಶಾಸ್ತ್ರಜ್ಞ 229 ಸೈಕಲ್ ರಿಕ್ಷಾ ತುಳಿಯುವವರ ಜೊತೆ ಒಂದು ಪ್ರಯೋಗ ಮಾಡಿದರು. 2019ರಲ್ಲಿ ಪ್ರಕಟವಾಯಿತು. ಅವರೆಲ್ಲ ದಿನಾ ಬಂದು ಮಿಷನ್‌ಗೆ ಊದಬೇಕು. ಒಂದು ಗುಂಪಿಗೆ ಕುಡಿದಿರಲಿ ಬಿಡಲಿ 90 ರೂಪಾಯಿ. ಇನ್ನೊಂದು ಗುಂಪಿಗೆ ಕುಡಿದಿದ್ದರೆ 60, ಕುಡಿಯದಿದ್ದರೆ 120. ಬಹುಮಾನದ ಗುಂಪಿನವರು ಹಗಲು ಹೊತ್ತು ಕುಡಿಯುವುದನ್ನು ಕಡಿಮೆ ಮಾಡಿದರು. ಅವರ ಉಳಿತಾಯ ಅರ್ಧದಷ್ಟು ಹೆಚ್ಚಾಯಿತು. ಒಪ್ಪಿಕೊಳ್ಳಬೇಕು, ದಿನದ ಒಟ್ಟು ಕುಡಿತ ಅಷ್ಟೇನೂ ಇಳಿಯಲಿಲ್ಲ, ರಾತ್ರಿಗೆ ಸರಿಯಿತು. ಊದುವ ಮಿಷನ್ ಕೆಲವು ಗಂಟೆಗಳ ಕುಡಿತವನ್ನಷ್ಟೇ ಹಿಡಿಯುತ್ತದೆ. ಷರತ್ತು ಎಲ್ಲಿಯವರೆಗೆ ಮುಟ್ಟುತ್ತದೋ ಬದಲಾವಣೆಯೂ ಅಲ್ಲಿಯವರೆಗೆ.

ಆದರೆ ಆ ಪ್ರಯೋಗದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ. ಷರತ್ತಿನ ದುಡ್ಡು ಬೇಕಾ, ಷರತ್ತೇ ಇಲ್ಲದ ದುಡ್ಡು ಬೇಕಾ ಅಂತ ಕೆಲವರನ್ನು ಕೇಳಿದರು. ಷರತ್ತಿಲ್ಲದ್ದು ಸುಲಭ ಅಲ್ವಾ? ಆದರೂ ಅರ್ಧಕ್ಕಿಂತ ಜಾಸ್ತಿ ಜನ ಸ್ವಲ್ಪ ದುಡ್ಡು ಬಿಟ್ಟುಕೊಟ್ಟಾದರೂ ಷರತ್ತನ್ನೇ ಆರಿಸಿಕೊಂಡರು. ಬಿಸಿಲಲ್ಲಿ ರಿಕ್ಷಾ ತುಳಿಯುವ ಮನುಷ್ಯ, ಬೆವರಿನ ದುಡ್ಡು ಕಳೆದುಕೊಂಡು, ನನ್ನನ್ನು ಕಟ್ಟಿಹಾಕಿ ಅಂತ ಕೇಳುತ್ತಿದ್ದಾನೆ. ಕುಡುಕನಿಗೆ ಬಿಡುವ ಮನಸ್ಸೇ ಇಲ್ಲ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮನಸ್ಸಿದೆ. ಹಿಡಿದುಕೊಳ್ಳಲು ಒಂದು ಹಗ್ಗ ಇಲ್ಲ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಆಶಾ ಅಕ್ಕಂದಿರು ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಸಾರಾಯಿ 2007ರಲ್ಲಿ ನಿಂತಿತು. ನಿಂತ ಜಾಗಕ್ಕೆ ಬೇರೆ ಬಂತು. ನಮ್ಮ ಗಡಿ ಹಳ್ಳಿಗಳ ಪೌಡರ್ ಸೇಂದಿ ನಿಮಗೆ ಗೊತ್ತು. ಈಚಲ ಮರದ ಸೇಂದಿ ಅಲ್ಲ ಅದು. ನೀರಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಕೆಲವು ಸಲ ಡಯಾಜೆಪಾಮ್, ಆಲ್ಪ್ರಜೋಲಾಮ್‌ನಂಥ ನಿದ್ದೆ ಔಷಧಿ ಬೆರೆಸುತ್ತಾರೆ. ಕೂಲಿ ಮಾಡುವ ಗಂಡಸರೂ ಕುಡಿಯುತ್ತಾರೆ, ಹೆಂಗಸರೂ ಕುಡಿಯುತ್ತಾರೆ. ಇದನ್ನು ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಇಲ್ಲದ್ದು ಕಾಣಿಸಬಹುದು, ಕೇಳಿಸಬಹುದು. ಜೀವವೂ ಹೋಗಬಹುದು. ಗಡಿಯಾಚೆ ತೆಲಂಗಾಣದಲ್ಲಿ 2015ರಲ್ಲಿ ಕಲಬೆರಕೆ ಸೇಂದಿಯ ಮೇಲೆ ಬಿಗಿ ಮಾಡಿದಾಗ ನೂರಾರು ಜನ ಹೀಗೇ ನಡುಗುತ್ತಾ, ಬಡಬಡಿಸುತ್ತಾ ಆಸ್ಪತ್ರೆ ಸೇರಿದರು. ಹೆವಿ ಕುಡಿತದವರಿಗೂ ಇದೇ ಅಪಾಯ ಇದೆ.

ಹಾಗಾಗಿ ಯಾರಿಗೂ "ನಾಳೆಯಿಂದ ಪೂರ್ತಿ ಬಿಡು, ಸೀರೆ ಕೊಡಿಸ್ತೀನಿ" ಅಂತ ಪಂಥ ಕಟ್ಟಬೇಡಿ. ಮೊದಲು ಡಾಕ್ಟರು. ಅವರು ಔಷಧಿಯಿಂದ ಮೆಲ್ಲಗೆ ಇಳಿಸಬೇಕು. ದೇಹ ಶಾಂತವಾದ ಮೇಲೆ ಕೊಡ. ನಾನು ಬಹುಮಾನದ ಪರ ಇಷ್ಟು ಮಾತಾಡಿದರೂ ಅದು ಔಷಧಿಯ ಜಾಗ ತುಂಬುವುದಿಲ್ಲ.

ಇನ್ನೊಂದು ತೊಡಕು, ಪರೀಕ್ಷೆ. ಡಯಾಜೆಪಾಮ್ ಗುಂಪಿನ ಔಷಧಿಗಳನ್ನು ಮೂತ್ರದ ಸ್ಟ್ರಿಪ್ ಹಿಡಿಯುತ್ತದೆ. ಕ್ಲೋರಲ್ ಹೈಡ್ರೇಟ್ ಅನ್ನು ಮಾಮೂಲಿ ಸ್ಟ್ರಿಪ್ ಹಿಡಿಯುವುದಿಲ್ಲ. ಗಾಂಜಾ ದಿನಾ ಸೇದುತ್ತಿದ್ದವರು ಬಿಟ್ಟ ಮೇಲೂ ವಾರಗಟ್ಟಲೆ ಮೂತ್ರದಲ್ಲಿ ಕಾಣುತ್ತದೆ. ಪಾಪ, ಆತ ನಿಜವಾಗಿ ಬಿಟ್ಟಿದ್ದರೂ ಸ್ಟ್ರಿಪ್ ಸುಳ್ಳುಗಾರ ಅನ್ನುತ್ತದೆ. ಇಂಥ ಕಡೆ ನಾವು ಬೇರೆ ಷರತ್ತು ಇಟ್ಟುಕೊಳ್ಳುತ್ತೇವೆ. ಹೇಳಿದ ದಿನ ಬಂದರೆ ಚೀಟಿ. ಕೌನ್ಸೆಲರ್ ಎದುರು ಮಾತ್ರೆ ನುಂಗಿದರೆ ಚೀಟಿ. ಅದೂ ಸರಿಯಾದ ಷರತ್ತೇ.

ಈಗ ನಾನು ಕೆಡಿಸಿದ ಎರಡು ಕೆಲಸ ಹೇಳುತ್ತೇನೆ. ನೀವು ಮಾಡಬಾರದು ಅಂತ.

ಮೊದಲ ಸಲ ಶುರು ಮಾಡಿದಾಗ ಲೆಕ್ಕಪತ್ರ ಸುಲಭವಾಗಲಿ ಅಂತ ಬಹುಮಾನವನ್ನೆಲ್ಲ ತಿಂಗಳ ಕೊನೆಗೆ ಕೊಡುವ ಯೋಚನೆ ಮಾಡಿದೆ. ಪುಸ್ತಕದಲ್ಲಿ ಅಂಕ ಬರೆದುಕೊಳ್ಳುವುದು, 30ನೇ ತಾರೀಕು ಎಲ್ಲರಿಗೂ ಒಟ್ಟಿಗೆ. ಎರಡು ವಾರದಲ್ಲಿ ಅರ್ಧ ಜನ ಬರುವುದು ನಿಂತಿತು. ನಾನು ಜನರನ್ನೇ ಬೈದುಕೊಂಡೆ. ತಪ್ಪು ನನ್ನದೇ ಆಗಿತ್ತು. ದೂರದ ಡ್ಯಾಮಿಗೆ ಇನ್ನೊಂದು ಡ್ಯಾಮ್ ಕಟ್ಟಿದ್ದೆ. ಒಬ್ಬಾತ 29ನೇ ತಾರೀಕು ಕುಡಿದುಬಿಟ್ಟ. ಒಂದು ತಿಂಗಳ ಸಾಧನೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಹುಮಾನ ಮಿಷನ್ ಸೊನ್ನೆ ತೋರಿಸಿದ ಐದು ನಿಮಿಷದೊಳಗೆ ಕೈಗೆ ಬರಬೇಕು. ಲೆಕ್ಕಪತ್ರ ಆಮೇಲೆ ಬರೆದುಕೊಳ್ಳಬಹುದು.

ಎರಡನೆಯದು ಇನ್ನೂ ನೋವಿನದು. ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಐದು ವಾರ ಚೆನ್ನಾಗಿ ಬಂದಿದ್ದ. ಆರನೇ ವಾರ ಮಿಷನ್ ಅಂಕಿ ತೋರಿಸಿತು. ನನಗೆ ಬೇಜಾರಾಯಿತು. "ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದೆಯಲ್ಲೋ" ಅಂದುಬಿಟ್ಟೆ, ನಾಲ್ಕು ಜನರ ಎದುರಿಗೆ. ಆತ ತಲೆ ಎತ್ತಲಿಲ್ಲ. ಚಪ್ಪಲಿ ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ. ಎರಡು ಸಲ ಮನೆ ಹತ್ತಿರ ಹೋದೆ, ಸಿಗಲಿಲ್ಲ.

ಈ ಪದ್ಧತಿಯಲ್ಲಿ ತಪ್ಪಿದವರಿಗೆ ಬೈಗುಳ ಇಲ್ಲ, ಉಪದೇಶ ಇಲ್ಲ. "ಇವತ್ತು ಚೀಟಿ ಇಲ್ಲ. ಬಂದಿದ್ದು ಒಳ್ಳೆಯದಾಯಿತು. ನಾಡಿದ್ದು ಬನ್ನಿ, ಚೀಟಿ ಕಾಯುತ್ತಿರುತ್ತದೆ." ಇಷ್ಟೇ ಮಾತು. ಚೀಟಿ ಸಿಗದೆ ಇರುವುದೇ ಸಾಕು. ಅದರ ಮೇಲೆ ನಮ್ಮ ನಾಲಿಗೆಯ ಹೊಡೆತ ಬೇಡ. ಮೆಟ್ಟಿಲು ಕೆಳಗಿಳಿದವರು ಸತತ ಮೂರು ಸಲ ಸರಿ ಬಂದರೆ ಹಳೆಯ ಮೆಟ್ಟಿಲಿಗೆ ವಾಪಸ್ ಏರಿಸುವ ಏರ್ಪಾಡೂ ಹಲವು ಕಡೆ ಇದೆ. ಆ ಹುಡುಗನಿಗೆ ಆ ದಿನ ಇದನ್ನು ಹೇಳಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ವಿದ್ಯಾರ್ಥಿಯೊಬ್ಬರು ಚೀಟಿ ಕಳಿಸಿದ್ದಾರೆ. ಲಾಟರಿ ತರಹ ಇದೆ, ಜೂಜಿನ ಚಟ ಹತ್ತುವುದಿಲ್ಲವೇ ಅಂತ. ಒಳ್ಳೆಯ ಪ್ರಶ್ನೆ. ಪೆಟ್ರಿ ಅವರು ಜೂಜಿನ ಚಟದ ಬಗ್ಗೆಯೂ ದೊಡ್ಡ ಕೆಲಸ ಮಾಡಿದವರು, ಅವರೇ ಇದನ್ನು ಪರೀಕ್ಷಿಸಿ ನೋಡಿದರು. ಚೀಟಿ ತೆಗೆದವರಲ್ಲಿ ಜೂಜು ಹೆಚ್ಚಾಗಲಿಲ್ಲ. ಇಲ್ಲಿ ಯಾರೂ ಕೈಯಿಂದ ದುಡ್ಡು ಹಾಕುವುದಿಲ್ಲವಲ್ಲ. ಆದರೂ ಇಸ್ಪೀಟು, ಮಟ್ಕಾ, ಆನ್‌ಲೈನ್ ಆಟದ ಚಟ ಇರುವವರಿಗೆ ನಾನು ಕೊಡ ಕೊಡುವುದಿಲ್ಲ, ನೇರವಾಗಿ ವಸ್ತು ಕೊಡುತ್ತೇನೆ.

ಬಹುಮಾನ ನಿಲ್ಲಿಸಿದ ಮೇಲೆ ಏನು? ಇದು ನಿಜವಾದ ಚಿಂತೆ. ನಿಲ್ಲಿಸಿದ ಮೇಲೆ ಕೆಲವರು ಮತ್ತೆ ಕುಡಿಯುತ್ತಾರೆ, ಮುಚ್ಚಿಡುವುದೇನಿಲ್ಲ. ಬಿಪಿ ಮಾತ್ರೆ ನಿಲ್ಲಿಸಿದರೂ ಬಿಪಿ ಏರುತ್ತದೆ, ಹಾಗಂತ ಮಾತ್ರೆಯೇ ದಂಡ ಅನ್ನುವುದಿಲ್ಲ. 2021ರಲ್ಲಿ 23 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಬಹುಮಾನ ನಿಂತು ಸುಮಾರು ಆರು ತಿಂಗಳಾದ ಮೇಲೂ ಆ ಗುಂಪಿನವರೇ ಸ್ವಲ್ಪ ಮುಂದಿದ್ದರು. ದೊಡ್ಡ ಅಂತರ ಅಲ್ಲ, ಆದರೆ ಅಂತರ ಇತ್ತು. ಆ ಹನ್ನೆರಡು ವಾರದಲ್ಲಿ ಬೇರೇನೋ ಬೇರು ಬಿಡಬೇಕು. ಹಿಗಿನ್ಸ್ ಕೂಡ ಬರೀ ವೋಚರ್ ಕೊಟ್ಟು ಕೂರಲಿಲ್ಲ. ಕೆಲಸ ಹುಡುಕಿಕೊಡುವುದು, ಮನೆಯವರ ಜೊತೆ ಮಾತಾಡಿಸುವುದು, ಸಂಜೆ ಹೊತ್ತಿಗೆ ಕುಡಿತವಲ್ಲದ ಏನಾದರೂ ಹಚ್ಚುವುದು, ಎಲ್ಲವೂ ಜೊತೆಗಿತ್ತು. ನಮ್ಮ ಹಮಾಲಿಯ ವಿಷಯದಲ್ಲಿ ಅದು ಭಜನೆ. ಮೊದಲು ದಮ್ಮಡಿ ಬಾರಿಸುತ್ತಿದ್ದನಂತೆ, ಕುಡಿತಕ್ಕೆ ಬಿದ್ದ ಮೇಲೆ ಮಂಡಳಿಯವರು ದೂರ ಇಟ್ಟಿದ್ದರು. ಎರಡು ತಿಂಗಳು ಸತತ ಸೊನ್ನೆ ಬಂದ ಮೇಲೆ ನಾನೇ ಹೋಗಿ ಮಂಡಳಿಯ ಹಿರಿಯರ ಹತ್ತಿರ ಮಾತಾಡಿದೆ. ಶನಿವಾರ ಸಂಜೆ, ಅವನಿಗೆ ಅತಿ ಕಷ್ಟದ ಹೊತ್ತು, ಈಗ ಭಜನೆಯ ಹೊತ್ತು.

ದುಡ್ಡು ಎಲ್ಲಿಂದ ಬರಬೇಕು ಅನ್ನುತ್ತೀರಿ. ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳು 2011ರಿಂದ ಇದನ್ನು ದೇಶದ ತುಂಬ ಮಾಡುತ್ತಿವೆ. ಮೊದಲ ಕೆಲವು ವರ್ಷದಲ್ಲಿ ಸೇರಿದ ಎರಡು ಸಾವಿರಕ್ಕೂ ಹೆಚ್ಚು ಜನ ಕೊಟ್ಟ ಮಾದರಿಗಳಲ್ಲಿ ನೂರಕ್ಕೆ ಸುಮಾರು 92ರಲ್ಲಿ, ಯಾವ ನಶೆ ಬಿಡಲು ಬಂದಿದ್ದರೋ ಆ ನಶೆ ಇರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2023ರಿಂದ ಬಡವರ ಸರ್ಕಾರಿ ವಿಮೆಯಲ್ಲೇ ಇದನ್ನು ಸೇರಿಸಿದೆ, ವರ್ಷಕ್ಕೆ ಒಬ್ಬರಿಗೆ 599 ಡಾಲರ್ ತನಕ. ಅವರು ಶ್ರೀಮಂತರು, ನಮಗೆಲ್ಲಿ ಅನ್ನಬೇಡಿ. ಪಕ್ಕದ ಬಳ್ಳಾರಿಯನ್ನು ನೆನಪು ಮಾಡಿಕೊಳ್ಳಿ. 1985ರ ಸುಮಾರಿಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆ ಶುರು ಮಾಡಿದರು. ಹಳ್ಳಿಯಲ್ಲಿ ಮಾನಸಿಕ ಚಿಕಿತ್ಸೆಯಾ ಅಂದವರು ಆಗಲೂ ಇದ್ದರು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಹಿತ್ತಲ ಗಿಡ ಮದ್ದಲ್ಲ ಅಂತ ನಾವೇ ಅದನ್ನು ಮರೆತಿದ್ದೇವೆ.

2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತದ ಚಟ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ನಿಮ್ಮ ಓಣಿಯಲ್ಲಿ, ನಿಮ್ಮ ಸಂಘದ ಅಕ್ಕಂದಿರ ಮನೆಯಲ್ಲಿ ಇದ್ದಾರೆ. ನಮ್ಮ ಬುಟ್ಟಿಯ ವಸ್ತುಗಳಲ್ಲಿ ಬಹಳಷ್ಟು ಹತ್ತಿಪ್ಪತ್ತು ರೂಪಾಯಿಯವು. ಸೋಪು, ಕೊಬ್ಬರಿ ಎಣ್ಣೆ, ಪೆನ್ನು, ಹೋಟೆಲ್‌ನಲ್ಲಿ ಒಂದು ಪ್ಲೇಟ್ ಮಂಡಾಳ ಒಗ್ಗರಣೆ ಮಿರ್ಚಿಯ ಕೂಪನ್. ಆ ಕೂಪನ್‌ಗೆ ಇರುವ ಬೇಡಿಕೆ ಬೇರೆ ಯಾವುದಕ್ಕೂ ಇಲ್ಲ. ಸಂಜೆ ಆರು ಗಂಟೆಗೆ, ಬಾರ್‌ಗೆ ಹೋಗುವ ಹೊತ್ತಿಗೆ, ಗೆಳೆಯನ ಜೊತೆ ಕೂತು ಒಗ್ಗರಣೆ ತಿನ್ನುವುದು ಸಣ್ಣ ವಿಷಯ ಅಲ್ಲ.

ಮನೆಯಲ್ಲಿ ಮಾಡಬಹುದಾ ಅಂತ ಮುಂದಿನ ಸಾಲಿನ ಅಕ್ಕ ಕೇಳುತ್ತಿದ್ದಾರೆ. ಪರೀಕ್ಷೆ ಮಾಡುವ ಕೆಲಸ ಮನೆಯವರು ಹಚ್ಚಿಕೊಳ್ಳಬೇಡಿ, ಜಗಳ ಆಗುತ್ತದೆ. ಬಾಯಿ ಮೂಸಿ ನೋಡುವ ಪೊಲೀಸ್ ಆಗಬೇಡಿ. ಆದರೆ ಕುಡಿಯದೆ ಬಂದ ದಿನ ಅದನ್ನು ಗಮನಿಸಿದ್ದೀರಿ ಅಂತ ಆ ದಿನವೇ ಗೊತ್ತಾಗಲಿ. ಬಿಸಿ ರೊಟ್ಟಿ ಮೊದಲು ಅವರ ತಟ್ಟೆಗೆ ಬೀಳಲಿ. ಕುಡಿದು ಬಂದ ದಿನ ಅದೇ ಊಟ ಮುಚ್ಚಿಟ್ಟಿರಲಿ, ಮಾತು ಬೇಡ. ಹೊಡೆತ ಬಡಿತ ಇರುವ ಮನೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ನಿಮ್ಮ ಜೀವ, ಮಕ್ಕಳ ಜೀವ.

ಫೋನ್ ನಂಬರ್ ಬರೆದುಕೊಳ್ಳಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಕರೆಗೆ ದುಡ್ಡು ಬೀಳುವುದಿಲ್ಲ.

ಆ ಹಮಾಲಿ ಹೋದ ವರ್ಷ ಹೊಸ ಅಂಗಿ ಹಾಕಿಕೊಂಡು ಕೇಂದ್ರಕ್ಕೆ ಬಂದಿದ್ದ. ಮಧ್ಯೆ ಎರಡು ಸಲ ಬಿದ್ದಿದ್ದ, ಎರಡು ಸಲವೂ ಎದ್ದು ಬಂದಿದ್ದ. ಜೇಬಿಗೆ ಕೈ ಹಾಕಿ ಬೀಡಿ ಕಟ್ಟು ತೆಗೆದ. ಅದರ ಕೆಳಗೆ ಪ್ಲಾಸ್ಟಿಕ್ ಕವರ್. ಕವರ್ ಒಳಗೆ ಮಡಿಕೆಯಲ್ಲೇ ಹರಿದುಹೋಗಿದ್ದ ನಾಲ್ಕು ತುಂಡು ಕಾಗದ. "ಮೇಡಂ, ಇದು ಹರದೈತಿ. ಇನ್ನೊಂದು ಬರದು ಕೊಡ್ರೀ" ಅಂದ. ಬರೆದು ಕೊಟ್ಟೆ.

ಕೊಡ ಇಲ್ಲೇ ಇಟ್ಟಿರುತ್ತೇನೆ. ಹೋಗುವಾಗ ಒಬ್ಬೊಬ್ಬರೂ ಕೈ ಹಾಕಿ ಒಂದು ಚೀಟಿ ತೆಗೆಯಿರಿ.